ಒಂದೇ ಕಣ್ಣು ಕೆಂಪಾಗಿತ್ತು

ಆ ಮಳೆಗಾಲದಲ್ಲಿ ಗೋವಾದ ಕುಂಡಯಿಯ ನಮ್ಮ ಸಾಲುಮನೆಗಳಲ್ಲಿ ಯಾರೂ ಯಾರ ಮುಖವನ್ನೂ ನೇರವಾಗಿ ನೋಡುತ್ತಿರಲಿಲ್ಲ. ಎಲ್ಲರಿಗೂ ಕಣ್ಣು ಬಂದಿದ್ದವು. ನಳದ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರು ನೆಲ ನೋಡುತ್ತಲೇ ಮಾತಾಡುತ್ತಿದ್ದರು. ಫ್ಯಾಕ್ಟರಿ ಹುಡುಗರು ಅಗ್ಗದ ಕಪ್ಪು ಕನ್ನಡಕ ಏರಿಸಿಕೊಂಡು ಸಿನಿಮಾ ಹೀರೋಗಳ ಹಾಗೆ ಅಡ್ಡಾಡುತ್ತಿದ್ದರು. ಕೆಂಪು ಕಣ್ಣನ್ನು ನೋಡಿದರೆ ಸಾಕು, ನೋಡಿದವರಿಗೂ ಹತ್ತುತ್ತದೆ ಎಂಬುದು ನಮ್ಮೆಲ್ಲರ ನಂಬಿಕೆ. ವಿಜಾಪುರ, ಬಾಗಲಕೋಟೆ ಕಡೆಯಿಂದ ದುಡಿಯಲು ಬರುವಾಗ ರೊಟ್ಟಿ, ಚಟ್ನಿಪುಡಿಯ ಜೊತೆಗೆ ಇದನ್ನೂ ಗಂಟು ಕಟ್ಟಿಕೊಂಡು ಬಂದಿದ್ದೆವು. ಹಾಳಾದ ನಂಬಿಕೆ! ನೆನೆದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ನಾನು ಆಗ ಹಸಿ ಬಾಣಂತಿ. ತವರಿಗೆ ಹೋಗಬೇಕಿದ್ದವಳಿಗೆ ಬಸ್ಸಿನ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ಅವ್ವನೇ ಬಾಣಂತನ ಮಾಡಲು ಗೋವಾಕ್ಕೆ ಬಂದಿದ್ದಳು. ಎರಡು ಖೋಲಿಯ ಮನೆ. ಮುಂದಿನದರಲ್ಲಿ ನಾನು ಮತ್ತು ಹೆಣ್ಣುಕೂಸು, ಹಿಂದಿನದರಲ್ಲಿ ಅವ್ವ. ಗಂಡನಿಗೆ ಪಡಸಾಲೆಯೇ ಗತಿ.

ಅವ್ವನ ಎಡಗಣ್ಣಿಗೆ ಮೊದಲೇ ಪೊರೆ ಬಂದು ಬೆಳ್ಳಗಾಗಿತ್ತು. ಆಪರೇಶನ್ ಮಾಡಿಸಿಕೋ ಅಂದರೆ, "ಒಂದ ಕಣ್ಣ ಸಾಕ ಬಿಡ. ನಾ ಏನ ಇಂಜಿನೇರ ಆಗೂದೈತೇನ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ದಪ್ಪ ಚಾಳೀಸು ಏರಿಸಿ, ಬಲಗಣ್ಣೊಂದರಿಂದಲೇ ಸೂಜಿಗೆ ದಾರ ಪೋಣಿಸುತ್ತಿದ್ದಳು, ಅಕ್ಕಿಯ ಹಳ್ಳು ಆರಿಸುತ್ತಿದ್ದಳು, ನನ್ನ ಗಂಡನ ತಪ್ಪುಗಳನ್ನೂ ಒಂದು ಬಿಡದೆ ಹುಡುಕುತ್ತಿದ್ದಳು. ಅವಳ ಲೋಕವೆಲ್ಲ ಆ ಒಂದು ಕಣ್ಣಿನ ಮೇಲೆ ನಿಂತಿತ್ತು.

ಗಣಪತಿಯ ಚವತಿ ಹತ್ತಿರ ಬಂದಿತ್ತು. ಎದುರಿನ ಗೋವಾದವರು ಆಗಲೇ ಅಂಗಳಕ್ಕೆ ದೀಪದ ಸರ ಕಟ್ಟಿದ್ದರು. ಒಂದು ಸಂಜೆ ಅವ್ವ ಹೊಸ್ತಿಲಲ್ಲಿ ನಿಂತು ನೋಡಿದಳು.

"ಆ ದೀಪಾ ಎಷ್ಟ ಛಂದ ಅದಾವ ನೋಡ ತಂಗಿ! ಒಂದೊಂದರ ಸುತ್ತನೂ ಕಾಮನಬಿಲ್ಲ ಕಟ್ಟ್ಯಾರ."

ಕೂಸನ್ನು ತೊಡೆಯ ಮೇಲಿಟ್ಟುಕೊಂಡೇ ಇಣುಕಿದೆ. ಬರಿಯ ಹಳದಿ ಬಲ್ಬುಗಳು. "ಗೋವಾದ ಗಾಳಿ ಹತ್ತೇತಿ ನಿನಗ," ಎಂದು ನಕ್ಕೆ. ಅವ್ವನೂ ನಕ್ಕಳು, ಹುಬ್ಬು ಒತ್ತಿಕೊಳ್ಳುತ್ತ.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಅಕ್ಕ ಬಾಗಿಲಿಗೆ ಬಂದವಳೇ ಸೆರಗಿನಿಂದ ಮುಖ ಮರೆಮಾಡಿಕೊಂಡಳು. "ಅಯ್ಯ ಶಿವನ! ನಿಮ್ಮವ್ವಗೂ ಕಣ್ಣ ಬಂದಾವಲ್ಲೇ! ಕೂಸಿನ ಕಡೆ ಹಾಯಗೊಡಬ್ಯಾಡ." ಅಷ್ಟು ಅಂದದ್ದೇ ತಡ, ಅವ್ವ ಗಾಬರಿಯಾಗಿ ಹಿಂದಿನ ಖೋಲಿಗೆ ಓಡಿದಳು. ಒಳಗಿನಿಂದ ಅಗಳಿ ಬಿದ್ದ ಸಪ್ಪಳ ಕೇಳಿತು. ಕಿಟಕಿಗೆ ಕಂಬಳಿ ಕಟ್ಟಿಕೊಂಡಳು, ಅಳಿಯನ ಕಪ್ಪು ಕನ್ನಡಕವನ್ನೂ ಇಸಿದುಕೊಂಡಳು. ಕಣ್ಣು ಬಂದವರನ್ನು ಕತ್ತಲೆಯಲ್ಲಿ ಕೂರಿಸುವುದು ನಮ್ಮಲ್ಲಿ ಮೊದಲಿನಿಂದ ನಡೆದು ಬಂದದ್ದು, ಹಾಗಾಗಿ ಯಾರಿಗೂ ಅದು ತಪ್ಪೆನಿಸಲಿಲ್ಲ.

ಊಟ, ಚಹಾ ಎಲ್ಲ ಬಾಗಿಲ ಹೊರಗೆ ಇಡಬೇಕು, ಇಟ್ಟವರು ಸರಿದು ಹೋಗಬೇಕು. ಆಮೇಲೆಯೇ ಅವಳು ಕೈ ಚಾಚುವುದು. ಮೆಡಿಕಲ್ ಶಾಪಿನಿಂದ ಸಾಲಿನವರೆಲ್ಲ ಹಾಕಿಕೊಳ್ಳುತ್ತಿದ್ದ ಡ್ರಾಪ್ಸನ್ನೇ ನನ್ನ ಗಂಡ ತಂದುಕೊಟ್ಟ. ಎರಡನೆಯ ದಿನದಿಂದ ಊಟದ ತಾಟು ಹಾಗೇ ಹೊರಗೆ ಉಳಿಯತೊಡಗಿತು. ಒಳಗೆ ಅವ್ವ ನರಳುವುದು ಕೇಳಿಸುತ್ತಿತ್ತು. ಆಮೇಲೆ ವಾಂತಿ. ಪಿತ್ತ ಏರಿದೆ ಎಂದು ಅಕ್ಕ ಹಸಿಶುಂಠಿಯ ರಸ ಮಾಡಿಕೊಟ್ಟಳು. ಅದೂ ವಾಂತಿಯಾಯಿತು.

ನನಗೆ ಅನುಮಾನ ಬಂತು. ಹಿಂದಿನ ವಾರ ನನ್ನ ಗಂಡನಿಗೂ ಕಣ್ಣು ಬಂದಿದ್ದವಲ್ಲ! ಬೆಳಿಗ್ಗೆ ರೆಪ್ಪೆ ಅಂಟಿಕೊಳ್ಳುವಷ್ಟು ಪಿಸರು, ತುರಿಕೆ, ಎರಡೂ ಕಣ್ಣು ಟೊಮೆಟೊ. ಆದರೂ ಪುಣ್ಯಾತ್ಮ ಮೂರು ಹೊತ್ತೂ ಹೊಟ್ಟೆ ತುಂಬ ಉಂಡಿದ್ದ, ಪೇಪರ್ ಓದಿದ್ದ. ತಲೆನೋವು ಎಂದು ಒಮ್ಮೆಯೂ ಅಂದಿರಲಿಲ್ಲ. ಬಾಗಿಲಿಗೆ ಕಿವಿಗೊಟ್ಟು ಕೇಳಿದೆ.

"ಅವ್ವಾ, ಪಿಸರ ಬರತೈತೇನ?"

"ಇಲ್ಲವಾ, ಬರೇ ನೀರ. ಹುಬ್ಬಿನಾಗ ಹಾರಿ ಹಾಕಿ ಮೀಟಿದಂಗ ಆಗಾಕತ್ತೇತಿ."

"ಎರಡೂ ಕಣ್ಣ ನೋಯತಾವೇನ?"

"ಇಲ್ಲ, ಬಲಗಣ್ಣಷ್ಟ."

"ಬಾಗಲಾ ತಗಿ, ನೋಡತೇನಿ."

"ಹುಚ್ಚಿ ಏನ ನೀ? ಕೂಸಿಗೆ ಹತ್ತತೈತಿ. ಹೊಳ್ಳಿ ಹೋಗ."

ನನ್ನ ಸಿಟ್ಟು ನೆತ್ತಿಗೇರಿತು. ಬಾಣಂತಿ ದನಿ ಎತ್ತಬಾರದಂತೆ, ಗಾಳಿಗೆ ನಿಲ್ಲಬಾರದಂತೆ! ಕೂಸನ್ನು ಅಕ್ಕನ ಕೈಗೆ ಕೊಟ್ಟು ಬಂದು ಬಾಗಿಲಿಗೆ ಗುದ್ದಿದೆ. "ತಗೀತಿಯೋ, ಇಲ್ಲಾ ಒಡದ ಒಳಗ ಬರಲೋ?" ಗೋಡೆ ಸವರಿಕೊಂಡು ಬರುವ ಸಪ್ಪಳವಾಯಿತು, ಅಗಳಿ ಸರಿಯಿತು.

ಒಳಗೆ ಹುಳಿ ವಾಸನೆ. ನೆಟ್ಟಗೆ ಹೋಗಿ ಕಿಟಕಿಯ ಕಂಬಳಿಯನ್ನು ಕಿತ್ತೊಗೆದೆ. ಮಳೆ ಬಿಟ್ಟಿತ್ತು, ಮಧ್ಯಾಹ್ನದ ಬಿಸಿಲು ಅವ್ವನ ಮುಖಕ್ಕೇ ಬಿತ್ತು. ಕನ್ನಡಕ ತೆಗೆದೆ. ಬಲಗಣ್ಣಿನ ಬಿಳಿಯ ಭಾಗ ರಕ್ತದಂತೆ ಕೆಂಪು. ಕಪ್ಪು ಗುಡ್ಡೆಯ ಮೇಲೆ ಉಸಿರು ಬಿಟ್ಟ ಗಾಜಿನಂಥ ಮಬ್ಬು. ಅಷ್ಟು ಬಿಸಿಲಿಗೂ ಅವಳು ರೆಪ್ಪೆ ಬಡಿಯಲಿಲ್ಲ.

"ಕಿಡಕಿ ತಗಿಯವಾ ತಂಗಿ," ಅಂದಳು ಅವ್ವ. "ಏನೂ ಕಾಣವಲ್ದು."

ಚೀರಿದೆ. ಅಕ್ಕ ಓಡಿ ಬಂದಳು, ಯಾರೋ ಫ್ಯಾಕ್ಟರಿಗೆ ಹೋಗಿ ನನ್ನ ಗಂಡನನ್ನು ಕರೆತಂದರು. ಹಸಿ ಬಾಣಂತಿ ಹೊರಗೆ ಹೋಗಬಾರದೆಂದು ಅಕ್ಕ ಅಡ್ಡ ನಿಂತಳು. ಅವಳನ್ನು ಸರಿಸಿ, ಕೂಸನ್ನು ಎದೆಗವಚಿಕೊಂಡು ರಿಕ್ಷಾ ಹತ್ತಿದೆ. ದಾರಿಯುದ್ದಕ್ಕೂ ಅವ್ವ ನಮ್ಮಿಬ್ಬರಿಂದ ಮುಖ ಆಚೆ ತಿರುಗಿಸಿಕೊಂಡೇ ಕೂತಿದ್ದಳು.

ದೊಡ್ಡ ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು ಧಾರವಾಡದ ಕಡೆಯ ಹೆಣ್ಣುಮಗಳು. ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಒತ್ತಡ ಅಳೆದರು. ಅವರ ಮುಖ ಬಿಗಿಯಿತು.

"ಕಣ್ಣ ಬಂದಾವಂತ ತಿಳಕೊಂಡ್ರೇನ್ರಿ? ಕಣ್ಣ ಬಂದ್ರ ಬಹಳ ಮಾಡಿ ಎರಡೂ ಕೆಂಪಾಗ್ತಾವ, ಪಿಸರ ಬರತದ, ತುರಸ್ತಾವ. ಆದರ ನೋಟ ಹೋಗೂದಿಲ್ಲ. ಇದು ಬ್ಯಾರೆ. ಕಣ್ಣಾಗಿನ ನೀರ ಹೋಗೂ ಗಟಾರ ಮುಚ್ಚೇದ, ಒಳಗ ಒತ್ತಡ ಏರಿ ನರಾ ಸಾಯಾಕತ್ತದ. ಒಂದ ಕಣ್ಣ ಕೆಂಪ, ತಲಿ ಸಿಡಿಯೂದು, ವಾಂತಿ, ದೀಪದ ಸುತ್ತ ಬಣ್ಣದ ಬಳಿ ಕಾಣೂದು. ಇಷ್ಟ ಆದ್ರ ಓಡಿ ಬರಬೇಕ್ರಿ."

"ಡ್ರಾಪ್ಸ್ ಹಾಕಿದ್ವಿ ಮೇಡಂ," ಅಂದ ನನ್ನ ಗಂಡ. "ಕತ್ತಲ ಖೋಲ್ಯಾಗ ಇಟ್ಟಿದ್ವಿ."

ಡಾಕ್ಟರು ಅವನನ್ನೇ ನೋಡಿದರು. "ಕತ್ತಲಾಗ ಕಣ್ಣಿನ ಪಾಪಿ ಹಿಗ್ಗತದ್ರಿ. ಇಂಥಾ ಕಣ್ಣಿಗೆ ಗಟಾರ ಮತ್ತಷ್ಟ ಬಿಗೀತದ."

ಸಲೈನ್ ಏರಿಸಿದರು, ಹನಿ ಹಾಕಿದರು, ಗುಳಿಗೆ ಕೊಟ್ಟರು. ನೋವು ಇಳಿದು ಅವ್ವ ನಿದ್ದೆ ಹೋದಳು. ಗುಡ್ಡೆಯ ಮಬ್ಬು ಹರಿದ ಮೇಲೆ ಎರಡೂ ಕಣ್ಣಿಗೆ ಲೇಸರಿನಿಂದ ಸಣ್ಣ ತೂತು ಮಾಡಿ ನೀರಿಗೆ ದಾರಿ ಬಿಟ್ಟರು. ಕೆಂಪು ಪೂರಾ ಹೋಯಿತು. ನೋಡಿದವರು ಎಷ್ಟು ಚಂದದ ಕಣ್ಣು ಎನ್ನಬೇಕು, ಹಾಗೆ. ಆದರೆ ಆ ಕಣ್ಣಿಗೆ ಹಗಲು, ರಾತ್ರಿ ಗೊತ್ತಾಗುತ್ತಿತ್ತು ಅಷ್ಟೇ, ಮುಖ ಗೊತ್ತಾಗುತ್ತಿರಲಿಲ್ಲ. ಪೊರೆಯ ಕಣ್ಣನ್ನು ಮುಂದೆ ಆಪರೇಶನ್ ಮಾಡಿ ನೋಡೋಣ ಅಂದರು, ಭರವಸೆ ಮಾತ್ರ ಕೊಡಲಿಲ್ಲ. ಅವ್ವ ಅಳಲಿಲ್ಲ. "ಆತ ಬಿಡ್ರಿ, ನೋಡಬೇಕಾದ್ದೆಲ್ಲಾ ನೋಡೇನಿ," ಎಂದು ಡಾಕ್ಟರಿಗೇ ಸಮಾಧಾನ ಹೇಳಿದಳು.

ಮನೆಗೆ ಕಳಿಸುವ ದಿನ ಡಾಕ್ಟರು ನನ್ನನ್ನೂ ಮಷೀನಿನ ಮುಂದೆ ಕೂರಿಸಿದರು. ಬೆಳಕು ಆ ಕಡೆ ಈ ಕಡೆ ಸರಿಯಿತು.

"ನಿಮ್ಮ ಕಣ್ಣಾಗೂ ನೀರಿನ ಹಾದಿ ಸಣ್ಣದ ಅದರಿ," ಅಂದರು ಕೊನೆಗೆ. "ಇದು ಮನಿತನದಾಗ ಬರತದ. ಈಗೇನಿಲ್ಲ, ಆದರ ವರ್ಷಾ ತೋರಸ್ಕೋತ ಇರ್ರಿ."

ಬೆಂಚಿನ ಮೇಲೆ ಕೂತಿದ್ದ ಅವ್ವ ದನಿ ಬಂದ ಕಡೆಗೆ ತಿರುಗಿದಳು. "ಕೂಸಿಗೂ ಏನ್ರಿ?"

"ಬರಬಹುದು, ಬರದನೂ ಇರಬಹುದು. ದೊಡ್ಡಾಕಿ ಆದಮ್ಯಾಲ ನೋಡಬೇಕ್ರಿ."

ಕಣ್ಣು ಹೋದಾಗಲೂ ಅಳದವಳು ಎಲ್ಲರೆದುರಿಗೆ ಬಿಕ್ಕಿ ಬಿಕ್ಕಿ ಅತ್ತಳು.

"ಅಲ್ರೀ ಬಾಯಾರ," ಎಂದು ಡಾಕ್ಟರ ಕಡೆ ಕೈ ಚಾಚಿದಳು, "ಕೂಸಿಗೆ ಹತ್ತಬಾರದಂತ ನಾ ಬಾಗಲಾ ಹಾಕ್ಕೊಂಡ ಕುಂತಿದ್ನೆಲ್ರಿ."