ಸಿದ್ದರಾಯನ ಗಿಳಿಹಸಿರು ಅಂಗಿ

ಹೋದ ಶ್ರಾವಣದಲ್ಲಿ ಬಬಲೇಶ್ವರದ ಮಗಳ ಮನೆಯಲ್ಲಿ ತೀರಿಕೊಂಡ ಸಕ್ರವ್ವನ ಬಗ್ಗೆ ಎರಡು ಪುಟ ಬರೆದುಕೊಡಿ ಎಂದು ಸಂಘಟನೆಯವರು ಕೇಳಿದ್ದಾರೆ. ದಿಟ್ಟ ಹೋರಾಟಗಾರ್ತಿ, ಬಡವರ ದನಿ, ಅಂತೆಲ್ಲ ಬರೆಯಲು ನನಗೆ ಅರ್ಧ ತಾಸು ಸಾಕು. ಅಂಥವನ್ನು ನೂರು ಬರೆದಿದ್ದೇನೆ. ಈಕೆಯ ವಿಷಯದಲ್ಲಿ ಹಾಗೆ ಬರೆದು ಕೈತೊಳೆದುಕೊಳ್ಳಲು ಆಗುತ್ತಿಲ್ಲ. ನಾನು ಆಕೆಗೆ ಒಂದು ಅನ್ಯಾಯ ಮಾಡಿದ್ದೇನೆ. ಅದನ್ನು ಬಿಟ್ಟು ಬರೆದರೆ ಉಳಿದದ್ದೆಲ್ಲ ಸುಳ್ಳು.

ಸಕ್ರವ್ವ ಅರಕೇರಿಯವಳು. ಮದುವೆಯಾಗಿ ವಿಜಯಪುರದ ಇಬ್ರಾಹಿಂಪುರಕ್ಕೆ, ರೈಲು ಹಳಿಯ ಪಕ್ಕದ ತಗಡಿನ ಮನೆಗೆ ಬಂದಳು. ಗಂಡ ಸಿದ್ದರಾಯ ಹಮಾಲ. ಬೆಳಗಿನಿಂದ ಸಂಜೆಯವರೆಗೆ ಜೋಳದ ಚೀಲ ಹೊರುವವನು, ಮಾತು ಬಲು ಕಡಿಮೆ. ಮಗಳು ಒಬ್ಬಳೇ, ರೇಣುಕಾ. ಹಳಿಯ ಪಕ್ಕದ ಮನೆಗಳನ್ನು ತೆರವು ಮಾಡಬೇಕು ಅಂತ ನೋಟೀಸು ಬಂದ ವರ್ಷವೇ ಸಿದ್ದರಾಯ ಹೆಗಲ ಮೇಲೆ ಚೀಲ ಇದ್ದಂತೆಯೇ ಕುಸಿದು ಸತ್ತ. ಅದಾದ ನಾಲ್ಕು ತಿಂಗಳಿಗೆ ನಮ್ಮ ಸಂಘಟನೆಯವರೆಲ್ಲ ಧರಣಿ ಕೂತೆವು. ಸಕ್ರವ್ವ ಮೊದಲ ದಿನವೇ ಬಂದು ಮುಂದಿನ ಸಾಲಿನಲ್ಲಿ ಕೂತಳು.

ಆಕೆಗೆ ಭಾಷಣ ಬರುತ್ತಿರಲಿಲ್ಲ, ಘೋಷಣೆ ಕೂಗಿದರೆ ಗಂಟಲು ಒಡೆಯುತ್ತಿತ್ತು. ಆಕೆಯ ಬೆಲೆ ತಿಳಿದದ್ದು ನಮ್ಮನ್ನು ಹಿಡಿದು ಠಾಣೆಯಲ್ಲಿ ಕೂಡಿಸಿದ ದಿನ. ಹೆಂಗಸರೆಲ್ಲ ಮನೆ ಹೋದಾವು, ಮಕ್ಕಳು ಹಸಿದಾವು ಅಂತ ಅಳಲು ಹತ್ತಿದ್ದರು. ಸಕ್ರವ್ವ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಅಂದಳು:

"ಅತ್ರ ಗ್ವಾಡಿ ಏನ ಕರಗೂದಿಲ್ಲ. ಒಬ್ಬೊಬ್ಬರ ನಿಮ್ಮ ಒಂದ ಛಲೋ ದಿನಾ ಹೇಳ್ರಿ ಬೇ, ಕೇಳೂಣು."

ಮೊದಲು ಪಕ್ಕದ ಮನೆಯ ಸುಗರಾಬಿ, ತನ್ನ ನಿಕಾಹದ ದಿನ ಮದುಮಗ ಕೂತ ಕುದುರೆ ಹಿಂದೆ ತಿರುಗಿ ಅವನ ಮುಖದ ಮೇಲಿನ ಹೂವಿನ ಸೆಹರಾವನ್ನೇ ತಿಂದದ್ದನ್ನು ಹೇಳಿದಳು.

"ಮಾರಿ ಕಂಡಿತು ನೋಡ್ರಿ. ಆವಾಗ ಗೊತ್ತಾತು, ನನ್ನ ಪಾಲಿಗೆ ಎಂಥಾದು ಬಂದೈತಿ ಅಂತ."

ಬಾಗಿಲಲ್ಲಿ ನಿಂತಿದ್ದ ಪೇದೆಗೂ ನಗು ತಡೆಯಲಿಲ್ಲ. ಆಮೇಲೆ ಒಬ್ಬರ ಹಿಂದೆ ಒಬ್ಬರು ಹೇಳಿದರು. ಸಂಜೆ ಬಿಟ್ಟಾಗ ಹೆಂಗಸರು ಜಾತ್ರೆಯಿಂದ ಬಂದವರ ಹಾಗೆ ಹೊರಗೆ ಬಂದರು. ಯಾರೋ "ನಿಂದ ಉಳೀತಲ್ಲ ಸಕ್ರವ್ವ" ಅಂದರು.

"ನಂದೇನೈತಿ, ರೊಟ್ಟಿ ಬಡದದ್ದ ಬಂತು," ಅಂದಳು. ನಾವು ನಂಬಿದೆವು. ಹಮಾಲನ ಹೆಂಡತಿಗೆ ಅಂಥದ್ದೇನು ಇದ್ದೀತು ಎಂದು ನಾನೂ ಅಂದುಕೊಂಡೆ. ಬಡವರ ಪರ ಹೋರಾಡುವವನು ನಾನು.

ಧರಣಿಯ ಹನ್ನೊಂದನೆಯ ದಿನ, ನೋಟೀಸು ಕಳಿಸಿದ ಸಾಹೇಬರ ಪ್ರತಿಕೃತಿ ಸುಡುವುದೆಂದು ನಿರ್ಧಾರವಾಯಿತು. ಬಿದಿರು, ಜೋಳದ ಕಣಿಕೆ, ತಲೆಗೊಂದು ಗಡಿಗೆ ಸಿಕ್ಕಿದವು. ಅಂಗಿ ಮಾತ್ರ ಇರಲಿಲ್ಲ. ಯಾವಾಗಲೂ ಅಂಗಿಯದ್ದೇ ತೊಂದರೆ, ಯಾರೂ ತಮ್ಮದನ್ನು ಬಿಚ್ಚಿಕೊಡುವುದಿಲ್ಲ. ಸಕ್ರವ್ವನ ಮನೆ ಹತ್ತಿರವಿತ್ತು, ಬಾಗಿಲಿಗೆ ಚಿಲಕ ಅಷ್ಟೇ. ಆಕೆಯನ್ನು ಕೇಳದೆ ಒಳಗೆ ಹೋದೆ. ಹೋರಾಟದಲ್ಲಿ ನಿಂದು ನಂದು ಇಲ್ಲ ಎಂಬುದು ನಮ್ಮ ಮಾತಾಗಿತ್ತು. ಆ ಮಾತು ಆಡಿಕೊಂಡು ನಾವು ಹೋದದ್ದೆಲ್ಲ ಇಂಥವರ ಮನೆಗಳಿಗೇ.

ಮೂಲೆಯಲ್ಲಿ ಕೌದಿ ಹೊಲಿಯಲು ಕೂಡಿಟ್ಟ ಚಿಂದಿಯ ಗಂಟಿತ್ತು. ಬಿಚ್ಚಿ ಕೆದರಿದೆ. ತಳದಲ್ಲಿ ಗಿಳಿಹಸಿರು ಬಣ್ಣದ ಟೆರ್ಲಿನ್ ಅಂಗಿ ಸಿಕ್ಕಿತು, ನಾಲ್ಕು ಮಡಿಕೆ ಹಾಕಿದ್ದು. ಚಿಂದಿಯನ್ನು ಯಾರೂ ಮಡಚಿಡುವುದಿಲ್ಲ. ಅಷ್ಟು ತಿಳಿಯದವನಲ್ಲ ನಾನು, ಆದರೆ ಅವಸರದಲ್ಲಿದ್ದೆ. ಸತ್ತ ಗಂಡನದಿರಬಹುದೇ ಎಂಬ ಯೋಚನೆಯೂ ಬರಲಿಲ್ಲ. ನಮ್ಮ ಕಡೆ ಸತ್ತವರ ಬಟ್ಟೆ ಮನೆಯಲ್ಲಿ ಇಡುವುದಿಲ್ಲ. ಹೆಣದ ಜೊತೆಗೇ ಕಳಿಸುತ್ತಾರೆ, ಇಲ್ಲವೇ ಯಾರಿಗಾದರೂ ಕೊಟ್ಟು ಹಗುರಾಗುತ್ತಾರೆ. ಇಟ್ಟುಕೊಂಡರೆ ಮನೆಗೆ ಕೇಡು ಅನ್ನುತ್ತಾರೆ.

ಅಂಗಿ ತೊಟ್ಟ ಗೊಂಬೆ ಚಪ್ಪರದ ಮುಂದೆ ನಿಂತದ್ದೇ ತಡ, ಧ್ವನಿವರ್ಧಕ ಹಿಡಿದಿದ್ದ ಆಸಿಫ ಶುರುಮಾಡಿದ: "ನೋಡ್ರಪ್ಪಾ, ಸಾಹೇಬ್ರು ಮಾವನ ಮನಿಗೆ ಹೊಂಟಾರ. ಹಾದಿ ಬಿಡ್ರಿ."

ಜನ ಬಿದ್ದು ನಕ್ಕರು. ನಾನು ಅವನ ಕೈಯಿಂದ ಮೈಕು ಕಸಿದುಕೊಂಡು ಹೇಳಿದೆ: "ಇಂಥಾ ಅಂಗಿ ಹಾಕ್ಕೊಂಡು ಹೊರಗ ಬೀಳಾವಗ ಮನ್ಯಾಗ ಹೆಂಡ್ತಿ ಆದ್ರೂ ಬುದ್ಧಿ ಹೇಳಬಾರದೇನು? ಆಕೀಗಿ ಕಣ್ಣ ಇಲ್ಲೋ ಏನ್ ತಲಿ ಇಲ್ಲೋ."

ಹನ್ನೊಂದು ದಿನ ಬಿಸಿಲಲ್ಲಿ ಬಾಡಿದ ಜನ ಹೊಟ್ಟೆ ಹಿಡಿದುಕೊಂಡರು. ಮುಂದಿನ ಸಾಲಿನಲ್ಲಿ ಸಕ್ರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಾಳೆ ಎಂದುಕೊಂಡೆ. ಬೆಂಕಿ ಹಚ್ಚುವ ಹೊತ್ತಿಗೆ ಆಕೆ ಎದ್ದು ನೀರಿನ ಕೊಡದ ಕಡೆ ಹೋಗಿದ್ದಳು.

ಮನೆಗಳು ಉಳಿಯಲಿಲ್ಲ. ಮೂರು ವರ್ಷ ತಡೆದೆವು, ಆಮೇಲೆ ಯಂತ್ರ ಬಂತು. ಸಕ್ರವ್ವ ತಿಕೋಟಾಕ್ಕೆ ಹೋಗಿ ಮಣೂಕದ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದಳು. ಒಣಗಿದ ದ್ರಾಕ್ಷಿಯ ತೊಟ್ಟು ಬಿಡಿಸುವುದು, ಕಪ್ಪಾದದ್ದನ್ನು ಬೇರೆ ಮಾಡುವುದು. ಗಂಧಕದ ಹೊಗೆಗೆ ಕಣ್ಣು ಸದಾ ಕೆಂಪು. ನಮ್ಮ ಸಂಘಟನೆಯೂ ಒಡೆದು ಎರಡಾಯಿತು. ಸಕ್ಕರೆ ಕಾಯಿಲೆಗೆ ನನ್ನ ಬಲಗಾಲಿನ ಎರಡು ಬೆರಳು ಹೋದವು. ಮನೆಯ ಕಡೆ ಯಾರೂ ಬಾರದ ಆ ದಿನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಗೊಂಬೆ ಸುಟ್ಟ ದಿನದ ನೆನಪು. ಅಷ್ಟು ಜನ, ಅಷ್ಟು ನಗು. ಹಾಸಿಗೆಯಲ್ಲಿ ಬಿದ್ದುಕೊಂಡು ಅದನ್ನೇ ಮತ್ತೆ ಮತ್ತೆ ಕಣ್ಣ ಮುಂದೆ ತಂದುಕೊಳ್ಳುತ್ತಿದ್ದೆ. ಸಿಕ್ಕವರಿಗೆಲ್ಲ ಹೇಳುತ್ತಿದ್ದೆ. ಹೇಳುತ್ತ ಹೇಳುತ್ತ ಒಂದಿಷ್ಟು ಸೇರಿಸಿದೆ, ಒಂದಿಷ್ಟು ಬಿಟ್ಟೆ.

ತಿಕೋಟಾಕ್ಕೆ ಹೋದಾಗಲೆಲ್ಲ ಸಕ್ರವ್ವನೂ ಅದನ್ನೇ ಕೇಳುತ್ತಿದ್ದಳು. "ಅಣ್ಣಾ, ಆ ಗೊಂಬಿ ಸುದ್ದಿ ಹೇಳ್ರಲಾ." ಶೆಡ್ಡಿನ ಹೆಂಗಸರನ್ನು ಕೂಡಿಸುತ್ತಿದ್ದಳು. ಅಂಗಿಯ ಬಣ್ಣ, ಕಾಲರು, ಹೆಂಡತಿಯ ಬುದ್ಧಿ, ಎಲ್ಲ ಹೇಳುತ್ತಿದ್ದೆ. ಬೆಂಕಿಯ ಮಾತು ಬರುವ ಹೊತ್ತಿಗೆ ಆಕೆ ಚಹಾಕ್ಕೆ ಇಡುತ್ತೇನೆಂದು ಏಳುತ್ತಿದ್ದಳು. ನನ್ನ ಮಾತಿನ ಸೊಗಸಿಗೆ ಮರುಳಾಗಿದ್ದಾಳೆ ಎಂದು ಹಿಗ್ಗುತ್ತಿದ್ದೆ.

ಹೋದ ವರ್ಷ ಆಕೆಯ ಮೂತ್ರಪಿಂಡಗಳು ಕೆಟ್ಟವು. ರೇಣುಕಾ ತಾಯಿಯನ್ನು ಬಬಲೇಶ್ವರದ ತನ್ನ ಮನೆಗೆ ಕರೆದುಕೊಂಡು ಹೋದಳು. ನೋಡಲು ಹೋದೆ, ಗೊಂಬೆಯ ಸುದ್ದಿ ಹೇಳಿದೆ, ನಗಿಸಿದೆ. ಬಸ್ ನಿಲ್ದಾಣದವರೆಗೆ ಬಿಡಲು ಬಂದ ರೇಣುಕಾ ದಾರಿಯಲ್ಲಿ ನಿಂತಳು.

"ಕಾಕಾ, ಒಂದ ಮಾತ ಹೇಳತೇನಿ, ಮನಸಿಗಿ ಹಚ್ಕೋಬ್ಯಾಡ್ರಿ."

"ಹೇಳವ್ವ."

"ಆ ಅಂಗಿ ನಮ್ಮಪ್ಪಂದು."

ಅವಳು ನೆಲ ನೋಡುತ್ತಲೇ ಹೇಳಿದಳು. ಅವಳು ಹುಟ್ಟಿದ ವರ್ಷ ಸಿದ್ದರಾಯ ಹೆಂಡತಿಯನ್ನು ಸಿದ್ಧೇಶ್ವರ ಗುಡಿಯ ಹತ್ತಿರದ ಪೇಟೆಗೆ ಕರೆದುಕೊಂಡು ಹೋಗಿದ್ದನಂತೆ. ಅಂಗಡಿಯಲ್ಲಿ ಕೂತು "ಬಣ್ಣ ನೀನ ಆರ್ಸು" ಅಂದನಂತೆ. ಅಲ್ಲಿಯವರೆಗೆ ಆಕೆಯನ್ನು ಯಾರೂ ಏನೂ ಆರಿಸು ಅಂದಿರಲಿಲ್ಲ. ಆಕೆ ಗಿಳಿಹಸಿರು ತೋರಿಸಿದಳು. ಅಂಗಡಿಯವನು ನಕ್ಕ. ಸಿದ್ದರಾಯ ಮಾತ್ರ "ಆಕಿ ಆರ್ಸ್ಯಾಳ, ಕಟ್ರಿ" ಅಂದ. ಅದನ್ನೇ ತೊಟ್ಟುಕೊಂಡು ಓಣಿಗೆ ಬಂದಾಗ ಎಲ್ಲರೂ "ಗಿಳಿ ಬಂತು, ಗಿಳಿ ಬಂತು" ಅಂತ ಕಾಡಿದರು. ಅವನು ಪ್ರತಿ ಅಮಾವಾಸ್ಯೆ, ಹಮಾಲರ ರಜೆಯ ದಿನ, ಅದನ್ನೇ ತೊಟ್ಟ.

"ಅಪ್ಪ ಸತ್ತಾಗ ನಮ್ಮಜ್ಜಿ ಎಲ್ಲಾ ಅರಿವಿ ಕೊಟ್ಟ ಬಿಟ್ಳ್ರಿ. ಅವ್ವ ಇದೊಂದ ಕದ್ದು ಇಟ್ಟಿದ್ಳು."

"ನನಗ ಯಾಕ ಹೇಳಲಿಲ್ಲವಾ ಆಕಿ?"

"ಹೆಂಗ ಹೇಳ್ತಾಳ್ರಿ? ಸತ್ತಾಂವನ ಅರಿವಿ ಮನ್ಯಾಗ ಇಟ್ಟಿದ್ನಿ ಅಂತ ಅಷ್ಟ ಮಂದ್ಯಾಗ ಅನ್ನಾಕ ಬರ್ತೈತೇನು?"

"ಮತ್ತ ನನ್ನ ಕಡಿಂದ ಅದ ಸುದ್ದಿ ಯಾಕ ಹೇಳಸ್ತಾಳ?"

"ನೀವು ಹೇಳಾಕತ್ರ ಅಂಗಿ ಕಾಣತೈತಂತ್ರಿ. ಬ್ಯಾರೆ ಯಾರೂ ಅದರ ಸುದ್ದಿ ತಗಿಯೂದಿಲ್ಲಲ್ಲ."

ಅವತ್ತು ಬಸ್ಸು ಹತ್ತಿದವನು ಮೂರು ತಿಂಗಳು ಬಬಲೇಶ್ವರದ ಕಡೆ ತಲೆ ಹಾಕಲಿಲ್ಲ. ಕಾಲು ನೋವು ಎಂದು ನೆಪ ಹೇಳಿದೆ. ಲಾಠಿಗೆ ಬೆನ್ನು ಕೊಟ್ಟವನು ನಾನು, ಒಬ್ಬ ಮುದುಕಿಯ ಮುಖ ನೋಡಲು ಹೆದರಿದೆ. ಕೊನೆಗೆ ರೇಣುಕಾ ಫೋನು ಮಾಡಿದಳು: "ಕಾಕಾ, ಊಟಾ ಬಿಟ್ಟಾಳ್ರಿ. ದಿನಾ ನಿಮ್ಮನ್ನ ಕೇಳಾಕತ್ತಾಳ. ಬರ್ರಿ."

ಹೋದೆ. ಸಕ್ರವ್ವ ಗೋಡೆಗೆ ಒರಗಿ ಕೂತಿದ್ದಳು, ಮುಖ ಬಾತಿತ್ತು. ನಾನು ಕೂರುವ ಮೊದಲೇ "ತಪ್ಪಾತು ಸಕ್ರವ್ವ" ಅಂದೆ.

"ರೇಣ್ಯಾ ಹೇಳ್ಯಾಳಂತ. ಆಕಿ ಬಾಯಾಗ ಮಾತ ನಿಲ್ಲೂದಿಲ್ಲ." ಉಸಿರು ತೆಗೆದುಕೊಂಡಳು. "ತಪ್ಪ ಅತ್ತಾಗ ಇಡ್ರಿ. ಸುದ್ದಿ ಹೇಳ್ರಿ."

ಹೇಳಿದೆ. ಹೆಂಡತಿಯ ಬುದ್ಧಿಯ ಮಾತನ್ನು ಹಾರಿಸಿದೆ. ಸಕ್ರವ್ವ ಕೈ ಎತ್ತಿದಳು.

"ಅಣ್ಣಾ, ನನ್ನ ಬೈದದ್ದ ಬಿಟ್ರಿ."

"ಅದು ಬ್ಯಾಡ ಬೇ."

"ಅದ ಬೇಕು. ಓಣ್ಯಾಗೂ ಹಂಗ ಅಂದಿದ್ರು, ಹೆಂಡ್ತಿ ತಲಿ ಇಲ್ಲದಾಕಿ ಅಂತ. ಆವಾಗ ರೇಣ್ಯಾನ ಅಪ್ಪ ಏನಂದ್ರು ಗೊತ್ತೇನ್ರಿ? ನೀವು ನಿಮ್ಮ ಹೆಂಡ್ರನ್ನ ಎಂದಾದ್ರೂ ಕೇಳೀರೇನು ಅಂದ್ರು. ವರ್ಷಕ್ಕೊಂದ ಮಾತಾಡಾವ್ರು, ಅವತ್ತ ಅಷ್ಟಂದ್ರು."

ನಾನು ಆಕೆಯ ಮುಖದೆದುರೇ ಆ ಬೈಗುಳ ಹೇಳಬೇಕಾಯಿತು. ಆಕೆ ನಕ್ಕಳು, ಕೆಮ್ಮು ಬರುವಷ್ಟು. ಬೆಂಕಿಯ ಮಾತು ಬಂದಾಗ ಈ ಸಲ ಏಳಲು ಆಗಲಿಲ್ಲ. ನನ್ನನ್ನೇ ನೋಡಿದಳು.

"ಪೂರಾ ಸುಟ್ಟಿತೇನ್ರಿ?"

ಪೂರಾ ಸುಟ್ಟಿರಲಿಲ್ಲ. ಬೆಂಕಿ ಹತ್ತಿದ ನಿಮಿಷಕ್ಕೆ ಪೊಲೀಸರು ನೀರು ಸುರಿದಿದ್ದರು. ಟೆರ್ಲಿನ್ ಕರಗಿ ಮುದ್ದೆಯಾಗಿ, ಕಾಲರೂ ಒಂದು ತೋಳೂ ಹಾಗೇ ಉಳಿದು ರಸ್ತೆಗೆ ಬಿದ್ದಿದ್ದವು. ಪತ್ರಿಕೆಯವನು ಫೋಟೋ ತೆಗೆಯಲು ಜಾಗ ಬೇಕು ಅಂದ. ನಾನು ಅದನ್ನು ಮೆಟ್ಟಿ, ಚಪ್ಪಲಿಯಿಂದಲೇ ಚರಂಡಿಗೆ ತಳ್ಳಿದೆ. ಹೇಳಿಕೊಂಡು ಬಂದ ಸುದ್ದಿಯಲ್ಲಿ ಮಾತ್ರ ಅದು ಯಾವಾಗಲೂ ಬೂದಿಯಾಗಿತ್ತು, ಏಕೆಂದರೆ ಅರ್ಧ ಸುಟ್ಟ ಗೊಂಬೆಗೆ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ.

"ಪೂರಾ," ಅಂದೆ. "ಬೂದಿ ಆತು."

"ಛಲೋ ಆತು ಬಿಡ್ರಿ. ಅರ್ಧಾ ಉಳದಿದ್ರ ಮಂದಿ ತುಳದಾಡ್ತಿದ್ರು. ಬೂದಿ ಆಗಿದ್ರ ಅವರ ಕಡೆ ಹೋಗಿರ್ತೈತಿ."

ಕಣ್ಣು ಮುಚ್ಚಿದಳು. ರೇಣುಕಾ ಕೊಟ್ಟ ಗಂಜಿಯನ್ನು ಎರಡು ಗುಟುಕು ಕುಡಿದಳು. ಹದಿನಾರನೆಯ ದಿನಕ್ಕೆ ಹೋಗಿಬಿಟ್ಟಳು. ಆಕೆಯ ಸೀರೆಗಳನ್ನು ಮರುದಿನವೇ ಕೊಟ್ಟುಬಿಟ್ಟರು.

ಗೊಂಬೆ ಸುಟ್ಟ ದಿನದ ನೆನಪು ಈಗಲೂ ಬರುತ್ತದೆ, ಆದರೆ ನನಗೆ ಅದರಿಂದ ಸಮಾಧಾನವಿಲ್ಲ, ಇರಬಾರದು ಕೂಡ. ಆಕೆಗೆ ಸುಳ್ಳು ಹೇಳಿದ್ದು ಸರಿಯೋ ತಪ್ಪೋ ಎಂದು ನನ್ನನ್ನು ಕೇಳಬೇಡಿ. ಇದು ಅಚ್ಚಾದರೆ ರೇಣುಕಾ ಓದುತ್ತಾಳೆ, ಅವಳ ಮುಂದೆ ನಾನು ಇನ್ನೂ ಬಾಯಿ ಬಿಟ್ಟಿಲ್ಲ. ರೇಣುಕಾ, ಅರ್ಧ ಉಳಿದಿತ್ತವ್ವ. ತುಳಿದಾಡಿದ್ದು ಮಂದಿಯಲ್ಲ, ನಾನು.