ಎಂಟನೆಯ ಪೆಟ್ಟು

ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಇಸ್ತ್ರಿಯಕ್ಕ ಎಂದೇ ಕರೆಯುತ್ತಿದ್ದರು. ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ ಅದು. ಅಂಗಿಯ ಕಾಲರು ಒಮ್ಮೆ ಅವಳ ಕೈಯಿಂದ ಪಾಸಾದರೆ ಸುಕ್ಕಿಗೂ ಅದರ ಮೇಲೆ ಕೂರಲು ಹೆದರಿಕೆ. ನಾಲಿಗೆಯೂ ಇಸ್ತ್ರಿಪೆಟ್ಟಿಗೆಯಷ್ಟೇ ಬಿಸಿ. ಅಂಥವಳು ಈಚೆಗೆ ಬಾಯಲ್ಲೇ ಏನೋ ಎಣಿಸುತ್ತ, ಎಣಿಕೆ ತಪ್ಪಿದಾಗಲೆಲ್ಲ ಸ್ಟೀಮ್ ಪ್ರೆಸ್ಸಿನ ಮುಚ್ಚಳವನ್ನು ಧಡ್ಡೆಂದು ಬಡಿಯುತ್ತ ನಿಂತಿರುವುದನ್ನು ಕಂಡು ಬಟ್ಟೆ ಮಡಿಸುವ ಹೆಂಗಸರು ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಅವಳು ಎಣಿಸುತ್ತಿದ್ದದ್ದು ಒಂದು ಹಾಡನ್ನು. ಅದೂ ಹುಡುಗಿಯಾಗಿದ್ದಾಗಿನಿಂದ ಬೈದುಕೊಂಡೇ ಬಂದ ಹಾಡನ್ನು.

ಇಸ್ತ್ರಿಯಕ್ಕನಿಗೆ ಒಬ್ಬಳೇ ತಂಗಿ. ಅಕ್ಕನ ಗಂಡ ತೀರಿಕೊಂಡು ವರ್ಷಗಳಾದವು, ತಂಗಿ ಮದುವೆಯ ಗೋಜಿಗೇ ಹೋಗಲಿಲ್ಲ. ಕೂದಲು ನೆರೆಯುವ ವಯಸ್ಸಿನಲ್ಲಿ ಇಬ್ಬರೂ ಎರಡು ಕೋಣೆಯ ಬಾಡಿಗೆ ಮನೆಯೊಂದರಲ್ಲಿ ಒಟ್ಟಿಗಿದ್ದರು. ತಂಗಿಯದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವ ಕೆಲಸ. ಆ ಕೆಲಸ ಸಿಕ್ಕಿದ ದಿನವೇ ಅಕ್ಕ ಹೇಳಿದ್ದಳು, "ಮನೇಲಿ ನೀನು ಪುಕ್ಕಟೆ ಮಾಡ್ತಿದ್ದೆ, ಇನ್ಮೇಲೆ ಅದಕ್ಕೆ ಸಂಬಳ ಬೇರೆ!" ಉಪ್ಪು ಹೆಚ್ಚಾದರೆ ತಪ್ಪು, ಚಪ್ಪಲಿ ಅಡ್ಡ ಬಿಟ್ಟರೆ ತಪ್ಪು, ಅಕ್ಕ ಹಾಡು ಗುನುಗಿದರಂತೂ ಸಾಲಿಗೊಂದು ತಪ್ಪು. ತಂಗಿಯ ಬಾಯಲ್ಲಿ ಆ ಮಾತು ಉಸಿರಿನ ಹಾಗೆ ಬರುತ್ತಿತ್ತು.

ಅವರು ಹುಡುಗಿಯರಾಗಿದ್ದ ಕಾಲಕ್ಕೆ ಊರಿಗೆ ಊರೇ ಎರಡು ಪಾಪ್ ಬ್ಯಾಂಡುಗಳ ಹೆಸರಿನಲ್ಲಿ ಹೋಳಾಗಿತ್ತು. ಒಂದು ಬೆಳ್ಳಿ ದೋಣಿ, ಇನ್ನೊಂದು ಏಳನೇ ಮಹಡಿ. ಬೆಳ್ಳಿ ದೋಣಿಯದು ನಾಲ್ಕು ಪೆಟ್ಟಿನ ಸಾದಾ ತಾಳ. ಎರಡನೇ ಸಲ ಕೇಳುವಾಗ ಸಾಲು ಬಾಯಿಗೆ ಬರುತ್ತದೆ, ಮೂರನೇ ಸಲಕ್ಕೆ ಕಣ್ಣಲ್ಲಿ ನೀರು. ಏಳನೇ ಮಹಡಿಯವರ ಸಮಾಚಾರವೇ ಬೇರೆ. ಒಂದು ಹಾಡಿನ ಹೊಟ್ಟೆಯಲ್ಲಿ ಮೂರು ಹಾಡು. ತಾಳ ಐದಕ್ಕೆ ಹೋಗಿ, ಏಳಕ್ಕೆ ಹಾರಿ, ಎಲ್ಲಿಗೋ ಬಂದು ನಿಲ್ಲುತ್ತದೆ. ಕೇಳುತ್ತ ತಲೆದೂಗಲು ಹೋದವರ ಕುತ್ತಿಗೆ ಉಳುಕಬೇಕು. ಅಕ್ಕ ದೋಣಿ ಹತ್ತಿದಳು, ತಂಗಿ ಮಹಡಿ ಹತ್ತಿದಳು. ಮನೆಯಲ್ಲಿದ್ದದ್ದು ಒಂದೇ ಟೇಪ್ ರೆಕಾರ್ಡರ್. ಜಗಳ ತಾಳಲಾರದೆ ಅಮ್ಮ ಒಂದು ಸಂಜೆ ಅವಳಿಗೆ, ಒಂದು ಸಂಜೆ ಇವಳಿಗೆ ಎಂದು ಪಾಲು ಮಾಡಿಕೊಟ್ಟಿದ್ದಳು. ಅಮ್ಮ ಹೋದಳು, ಟೇಪ್ ರೆಕಾರ್ಡರ್ ಹೋಯಿತು, ಎರಡೂ ಬ್ಯಾಂಡಿನವರು ಮುದುಕರಾಗಿ ಮನೆ ಸೇರಿದರು. ಜಗಳ ಮಾತ್ರ ಗುಂಡುಕಲ್ಲಿನ ಹಾಗೆ ಉಳಿಯಿತು.

"ನಿಂದು ಹಾಡಲ್ಲ ಕಣೇ, ಲೆಕ್ಕದ ಪರೀಕ್ಷೆ. ಅದನ್ನ ಕೇಳಿ ಒಂದು ನರಪಿಳ್ಳೆಯಾದ್ರೂ ಅತ್ತಿದ್ದುಂಟಾ?" ಎನ್ನುತ್ತಿದ್ದಳು ಅಕ್ಕ.

"ಅಳೋದಕ್ಕೆ ಹಾಡು ಯಾಕಕ್ಕಾ? ಈರುಳ್ಳಿ ಹೆಚ್ಚಿದ್ರೆ ಸಾಕು," ಎನ್ನುತ್ತಿದ್ದಳು ತಂಗಿ.

ಹೀಗಿರುವಾಗ ಒಂದು ಬೆಳಗ್ಗೆ ಪ್ರೆಸ್ಸಿನಲ್ಲಿ ಪ್ರೂಫಿನ ಹಾಳೆ ಮುಂದಿಟ್ಟುಕೊಂಡು ಕೂತಲ್ಲೇ ತಂಗಿಗೆ ಸ್ಟ್ರೋಕ್ ಹೊಡೆಯಿತು. ಜೀವಕ್ಕೇನೂ ಆಗಲಿಲ್ಲ. ಬಲಗೈ ಜೋತುಬಿತ್ತು, ಮಾತು ಪೂರ್ತಿ ನಿಂತುಹೋಯಿತು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ತಿರುಗಿ ಹೇಳಲು ಬಾಯಿ ತೆರೆದರೆ ಗಾಳಿಯಷ್ಟೇ ಬರುತ್ತಿತ್ತು. ಅಕ್ಕ ಅವಳಿಗೆ ಎಡಗೈಯಲ್ಲಿ ಚಮಚ ಹಿಡಿಸಿದಳು, ತಲೆ ಬಾಚಿದಳು, ಸೂಪಿಗೆ ಬೇಕಂತಲೇ ಒಂದು ಹಿಡಿ ಉಪ್ಪು ಸುರಿದು ನೋಡಿದಳು. ತಂಗಿ ಮುಖ ಸಿಂಡರಿಸಿ ಬಟ್ಟಲು ಸರಿಸಿದಳೇ ಹೊರತು ತುಟಿ ಪಿಟಕ್ಕೆನ್ನಲಿಲ್ಲ. ಮನೆ ಎಷ್ಟು ಸದ್ದಿಲ್ಲದೆ ಹೋಯಿತೆಂದರೆ, ಅಕ್ಕನಿಗೆ ತನ್ನ ಚಪ್ಪಲಿಯನ್ನು ಅಡ್ಡ ಬಿಡುವುದಕ್ಕೂ ಮನಸ್ಸು ಬಾರದಾಯಿತು.

ಮಾತು ಕಲಿಸುವ ಕೇಂದ್ರದಲ್ಲಿದ್ದ ಥೆರಪಿಸ್ಟ್ ಚಿಕ್ಕ ಪ್ರಾಯದವಳು, ಒಳ್ಳೆಯವಳು. ಅವಳು ಹೇಳಿದಳು, "ಮಾತಿನ ದಾರಿ ಮುಚ್ಚಿಹೋದ್ರೂ ಕೆಲವರಿಗೆ ಹಾಡಿನ ದಾರಿ ತೆರೆದಿರುತ್ತೆ ಅಮ್ಮಾ. ಅವರಿಗೆ ತುಂಬಾ ಹತ್ತಿರವಾದ ಹಾಡನ್ನ ನೀವೇ ಕೂತು ಹಾಡಿ. ರೆಕಾರ್ಡ್ ಹಾಕಬೇಡಿ, ನಿಮ್ಮ ಬಾಯಿಂದಲೇ ಬರಲಿ." ಆಮೇಲೆ ದನಿ ತಗ್ಗಿಸಿ, "ಈ ತಿಂಗಳಲ್ಲಿ ಒಂದು ಮಾತಾದ್ರೂ ಬಂದ್ರೆ ಇಲ್ಲೇ ಮುಂದುವರಿಸ್ತೀವಿ. ಬರದಿದ್ರೆ ಈ ಜಾಗ ಕಾಯ್ತಾ ಇರೋ ಬೇರೆಯವರಿಗೆ ಹೋಗುತ್ತೆ. ನನ್ನ ಕೈಲಿ ಏನೂ ಇಲ್ಲ," ಎಂದಳು.

ಒಂದೇ ಒಂದು ಮಾತು. ದಿನವಿಡೀ ಅಕ್ಕನ ತಲೆ ತಿನ್ನುತ್ತಿದ್ದವಳಿಂದ ಈಗ ಒಂದು ಮಾತು ಹೊರಡಿಸಬೇಕಿತ್ತು.

ಇಸ್ತ್ರಿಯಕ್ಕ ಮೊದಲು ಮಾಡಿದ್ದು ತನಗೆ ಸುಲಭವಾದದ್ದನ್ನು. ಬೆಳ್ಳಿ ದೋಣಿಯ 'ಬಾಗಿಲು ತೆರೆದೇ ಇದೆ' ಹಾಡನ್ನು ಮಂಚದ ಪಕ್ಕ ಕೂತು ಎದೆ ತುಂಬಿ ಹಾಡಿದಳು. ಕಲ್ಲೂ ಕರಗಬೇಕಾದ ಹಾಡು ಅದು. ಅವಳೇ ಕರಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ತಂಗಿ ಅಕ್ಕನನ್ನು ಒಂದು ಗಳಿಗೆ ನೋಡಿ ಗೋಡೆಯ ಕಡೆ ಹೊರಳಿದಳು.

"ಈ ಸ್ಥಿತಿಯಲ್ಲೂ ಕೊಬ್ಬು ನೋಡು!" ಎಂದು ಅಕ್ಕ ಎದ್ದು ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ಅಳುವೂ ಬಂತು, ಕೋಪವೂ ಬಂತು. ಹತ್ತಿರವಾದ ಹಾಡು ಯಾವುದೆಂದು ಅವಳಿಗೆ ಗೊತ್ತಿರಲಿಲ್ಲವೆಂದೇನಲ್ಲ. ಏಳನೇ ಮಹಡಿಯ 'ಗಾಜಿನ ಮೆಟ್ಟಿಲು.' ಏಳು ಪೆಟ್ಟಿನ ತಾಳ. ಅದನ್ನು ಹಾಡಲು ಹೋದರೆ ಅಕ್ಕನ ಬಾಯಲ್ಲಿ ಅದು ಎಂಟಾಗುತ್ತಿತ್ತು. ಸಾಲಿನ ಕೊನೆಗೆ ಒಂದು ಪೆಟ್ಟು ತಾನಾಗಿ ಬಂದು ಸೇರಿಕೊಳ್ಳುತ್ತಿತ್ತು. ಎಷ್ಟೋ ವರ್ಷಗಳಿಂದ ತಂಗಿ ಅದನ್ನೇ ಆಡಿಕೊಂಡು ನಗುತ್ತಿದ್ದಳು. ಈಗ ಅದನ್ನೇ ಕಲಿಯಬೇಕು, ಅದೂ ಈ ವಯಸ್ಸಿನಲ್ಲಿ.

ಲಾಂಡ್ರಿಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಬಾಯ್ಲರಣ್ಣ ಹರೆಯದಲ್ಲಿ ಹೋಟೆಲಿನ ವಾದ್ಯಗೋಷ್ಠಿಯಲ್ಲಿ ಡ್ರಮ್ ಬಾರಿಸಿದ್ದವನು. ಊಟದ ಬಿಡುವಿನಲ್ಲಿ ಅವಳು ಅವನ ಮುಂದೆ ಹೋಗಿ ನಿಂತಳು. ಕೇಳುವುದೂ ಅಪ್ಪಣೆ ಕೊಟ್ಟ ಹಾಗಿತ್ತು.

"ಏಳು ಹೊಡೆಯೋದು ಹೇಳ್ಕೊಡಿ."

ಅವನು ನೀರಿನ ಪೈಪಿನ ಮೇಲೆ ಸ್ಪ್ಯಾನರಿನಿಂದ ತಟ್ಟಿ ತೋರಿಸಿದ. "ಮೂರು, ಆಮೇಲೆ ನಾಲ್ಕು. ಒಂದು-ಎರಡು-ಮೂರು, ಒಂದು-ಎರಡು-ಮೂರು-ನಾಲ್ಕು. ಅಷ್ಟೇ. ತಕ್ಷಣ ಮತ್ತೆ ಶುರು."

ಅವಳು ತಟ್ಟಿದಳು. ಅವನು ಮೀಸೆಯೊಳಗೆ ನಕ್ಕ. "ಇಸ್ತ್ರಿಯಕ್ಕಾ, ಕೊನೇದು ನಿಮ್ಮ ಕಡೆಯಿಂದ ಉಡುಗೊರೆ. ಅದನ್ನ ಯಾರೂ ಕೇಳಿಲ್ಲ."

"ನಾನೇನು ಬೇಕಂತ ಹಾಕ್ತೀನಾ? ಅದೇ ಬಂದು ಬೀಳುತ್ತೆ!"

"ಬರೋದನ್ನ ಬರದ ಹಾಗೆ ಮಾಡೋದೇ ಕಷ್ಟ. ಬಾಗಿಲಲ್ಲಿ ನಿಂತ ನೆಂಟರ ಹಾಗೆ."

ಅವಳಿಗೆ ನಗು ಬರಲಿಲ್ಲ. ನೆಂಟರನ್ನಾದರೂ ಓಡಿಸಬಹುದು, ಇದನ್ನಲ್ಲ. ಸ್ಟೀಮ್ ಪ್ರೆಸ್ಸಿನ ಪೆಡಲು ತುಳಿಯುತ್ತ ಎಣಿಸಿದಳು, ಬಸ್ಸಿನ ಕಂಬಿ ಹಿಡಿದು ಎಣಿಸಿದಳು, ಹಲ್ಲುಜ್ಜುತ್ತ ಎಣಿಸಿ ನೊರೆ ನುಂಗಿದಳು. ಎಣಿಕೆಯ ಧ್ಯಾನದಲ್ಲಿ ಹೋಟೆಲು ಮ್ಯಾನೇಜರನ ಬಿಳಿ ಅಂಗಿಯ ಕಾಲರು ಕಂದು ಬಣ್ಣಕ್ಕೆ ತಿರುಗಿತು. ಅವಳ ಕೈಯಿಂದ ಅಂಥದು ಹಿಂದೆ ಯಾವತ್ತೂ ಆಗಿರಲಿಲ್ಲ. ಮೇಲ್ವಿಚಾರಕಿ ಎಲ್ಲರೆದುರು ಬೈದಳು. ಇಸ್ತ್ರಿಯಕ್ಕ ತಲೆ ತಗ್ಗಿಸಿ ಬೈಸಿಕೊಂಡಳು. ಮನಸ್ಸಿನಲ್ಲಿ ಮಾತ್ರ ಏಳನೇ ಮಹಡಿಯವರ ವಂಶವನ್ನೆಲ್ಲ ಜಾಲಾಡಿದಳು. ನೆಟ್ಟಗೆ ನಾಲ್ಕು ಹೊಡೆದು ಮನೆಗೆ ಹೋಗಲು ಇವರಿಗೇನು ರೋಗ?

ಕೊನೆಗೊಂದು ಮಧ್ಯಾಹ್ನ, ಪ್ರೆಸ್ಸಿನ ಮುಂದೆ ನಿಂತಿದ್ದಾಗ, ಅದು ಸರಿಯಾಗಿ ಬಂತು. 'ಮೆಟ್ಟಿಲೇರಿ ಬಂದೆ ನಾನು, ನೀನು ಅಲ್ಲಿಲ್ಲ' ಎಂಬ ಸಾಲು. ಎಂಟನೆಯ ಪೆಟ್ಟು ಬರಬೇಕಾದಲ್ಲಿ ಏನೂ ಇಲ್ಲ. ಇನ್ನೊಂದು ಮೆಟ್ಟಿಲಿದೆ ಎಂದು ಕಾಲೆತ್ತಿ ಇಟ್ಟರೆ ಅಲ್ಲಿ ಮೆಟ್ಟಿಲೇ ಇಲ್ಲದ ಹಾಗೆ ಅವಳ ಎದೆ ಧಸಕ್ಕೆಂದಿತು. ಇಷ್ಟು ವರ್ಷ ತಂಗಿ ಕಣ್ಣು ಮುಚ್ಚಿ ಕೇಳುತ್ತಿದ್ದದ್ದು ಇದನ್ನೋ? ಇಸ್ತ್ರಿಯಕ್ಕನ ಕಣ್ಣು ತುಂಬಿತು. ಪಕ್ಕದವಳು "ಏನಾಯ್ತಕ್ಕಾ?" ಎಂದಾಗ, "ಸ್ಟೀಮ್ ಕಣೇ, ನಿನ್ನ ಕೆಲಸ ನೋಡ್ಕೋ," ಎಂದು ಗದರಿದಳು. ಆ ಬ್ಯಾಂಡನ್ನು ಹೊಗಳುವುದಕ್ಕಿಂತ ಇನ್ನೊಂದು ಕಾಲರು ಸುಡುವುದು ಅವಳಿಗೆ ಮೇಲಾಗಿತ್ತು.

ಅವತ್ತು ಮನೆಗೆ ಹೋದವಳು ಕೈಕಾಲು ತೊಳೆದು, ತಂಗಿಯನ್ನು ದಿಂಬಿಗೆ ಒರಗಿಸಿ ಕೂರಿಸಿ, 'ಗಾಜಿನ ಮೆಟ್ಟಿಲು' ಹಾಡಿದಳು. ಮೊದಲಿನಿಂದ ಕೊನೆಯವರೆಗೆ ಒಂದು ಪೆಟ್ಟು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ತಂಗಿ ಮೊದಲ ಸಾಲಿಗೇ ತಿರುಗಿ ನೋಡಿದಳು, ಆಮೇಲೆ ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. ಹಾಡು ಮುಗಿಯಿತು. ಅಕ್ಕ ಕಾದಳು. ತಂಗಿ ಕಣ್ಣು ತೆರೆದು, ಸಂಗೀತ ಸಭೆಯಲ್ಲಿ ಮುಂದಿನ ಕುರ್ಚಿಯವರು ಮಾಡುವ ಹಾಗೆ ಗಂಭೀರವಾಗಿ ಒಮ್ಮೆ ತಲೆಯಾಡಿಸಿದಳು. ಅಷ್ಟೇ.

ಮರುದಿನವೂ ಅಷ್ಟೇ. ಅದರ ಮರುದಿನವೂ ತಲೆಯಾಡಿಸುವಿಕೆ. ತಿಂಗಳು ಮುಗಿಯುತ್ತ ಬಂದಿತ್ತು.

"ಒಂದು ಮಾತು ಆಡೇ!" ಎಂದು ಅಕ್ಕ ಕೊನೆಗೆ ಕೂಗಿಯೇಬಿಟ್ಟಳು. "ನಿನಗೋಸ್ಕರ ಕಾಲರು ಸುಟ್ಟೆ, ಕಂಡವರ ಕೈಲಿ ಬೈಸ್ಕೊಂಡೆ, ಈ ದರಿದ್ರ ಹಾಡು ಕಲಿತೆ. ಚೆನ್ನಾಗಿದೆ ಅನ್ನು, ಚೆನ್ನಾಗಿಲ್ಲ ಅನ್ನು, ಏನಾದ್ರೂ ಅನ್ನು!" ಕೂಗಿದ ಮೇಲೆ ತನಗೇ ನಾಚಿಕೆಯಾಯಿತು. ತಂಗಿಯ ಕಣ್ಣಿನಿಂದ ನೀರು ಇಳಿಯಿತು. ಅಕ್ಕ ಅದನ್ನು ಒರೆಸಿ, ಅವಳ ತಲೆ ನೇವರಿಸಿ, ಇನ್ನೇನೂ ತೋಚದೆ ಎದ್ದು ಹೋದಳು.

ಕೇಂದ್ರಕ್ಕೆ ಕೊನೆಯ ಭೇಟಿಯ ದಿನ ಬೆಳಗ್ಗೆ ಅವಳು ಮನೆಯ ಮೇಜಿನ ಮೇಲೆ ತಂಗಿಯ ಕುಪ್ಪಸಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಆಸೆಯೆಲ್ಲ ಬತ್ತಿತ್ತು. ಜಾಗ ಬೇರೆಯವರಿಗೆ ಹೋಗುತ್ತದೆ, ಹೋಗಲಿ. ಹಣೆಬರಹಕ್ಕೆ ಹೊಣೆ ಯಾರು? ಕೈ ತನ್ನ ಪಾಡಿಗೆ ಓಡುತ್ತಿತ್ತು, ಬಾಯಿ ತನ್ನ ಪಾಡಿಗೆ ಗುನುಗುತ್ತಿತ್ತು. ಎಣಿಸುವವರು ಯಾರೂ ಇಲ್ಲದ್ದರಿಂದ ಎಂಟನೆಯ ಪೆಟ್ಟು ಹಳೆಯ ನೆಂಟನ ಹಾಗೆ ಬಂದು ಸಾಲಿನ ಕೊನೆಗೆ ಕೂತಿತು. ಮೆಟ್ಟಿಲೇರಿ ಬಂದೆ ನಾನು, ನೀನು ಅಲ್ಲಿಲ್ಲ, ಹೂಂ.

"ತಪ್ಪು!"

ಇಸ್ತ್ರಿಯಕ್ಕ ತಿರುಗಲೂ ಇಲ್ಲ. ಅಭ್ಯಾಸಬಲ. "ಏನೇ ತಪ್ಪು? ಎಲ್ಲಿ ತಪ್ಪು? ದೊಡ್ಡ ಪಂಡಿತೆ ಇವಳು..." ಎಂದವಳ ಕೈ ಅಲ್ಲೇ ನಿಂತಿತು.

ತಂಗಿ ಮಂಚದ ಮೇಲೆ ನೆಟ್ಟಗಾಗಿದ್ದಳು. ಮುಖ ಕೆಂಪೇರಿತ್ತು. ಎಡಗೈಯಿಂದ ಮಂಚದ ಪಟ್ಟಿಯ ಮೇಲೆ ಬಡಿದು ತೋರಿಸುತ್ತಿದ್ದಳು. ಮೂರು, ಆಮೇಲೆ ನಾಲ್ಕು, ಆಮೇಲೆ ಅಂಗೈ ಗಾಳಿಯಲ್ಲಿ ನಿಂತಿತು.

"ತಪ್ಪು," ಎಂದಳು ಮತ್ತೆ. ದನಿ ಒರಟಾಗಿತ್ತು, ಅಕ್ಷರಗಳು ಒಂದಕ್ಕೊಂದು ತಾಗಿಕೊಂಡಿದ್ದವು. ಆದರೆ ಮಾತು ಅದೇ, ತಿರಸ್ಕಾರವೂ ಅದೇ.

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಸ್ವಿಚ್ ಆರಿಸಿ, ಮಂಚದ ಹತ್ತಿರ ಬಂದಳು. ಸರಿಯಾಗಿ ಕಲಿತದ್ದೆಲ್ಲ ದಂಡ. ಬೈಸಿಕೊಂಡದ್ದೂ ದಂಡ. ಸರಿಯಾದ ಹಾಡಿಗೆ ಪ್ರೂಫ್ ತಿದ್ದುವವಳು ಏನು ತಾನೇ ಹೇಳಿಯಾಳು? ಅವಳಿಗೆ ತಂಗಿಯ ಬೆನ್ನಿಗೆ ಎರಡು ಗುದ್ದಬೇಕೆನ್ನಿಸಿತು, ಅಪ್ಪಿಕೊಳ್ಳಬೇಕೆಂದೂ ಅನ್ನಿಸಿತು. ಎರಡನ್ನೂ ಬಿಟ್ಟು, ಮಂಚದ ಅಂಚಿನಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, ತಂಗಿಯ ಮುಖವನ್ನೇ ನೋಡುತ್ತ ಹಾಡನ್ನು ಮೊದಲಿನಿಂದ ಎತ್ತಿಕೊಂಡಳು. ಸಾಲಿನ ಕೊನೆಗೆ ಬೇಕಂತಲೇ ಎಂಟನೆಯದನ್ನು ಪಟ್ಟಿಯ ಮೇಲೆ ಜೋರಾಗಿ ಬಡಿದಳು.

"ಅಕ್ಕಾ!" ಎಂದು ಚೀರಿದಳು ತಂಗಿ. "ತಪ್ಪು!"

ಆ ಮನೆಯಲ್ಲಿ ಆಗ ಯಾರೂ ಈರುಳ್ಳಿ ಹೆಚ್ಚುತ್ತಿರಲಿಲ್ಲ.