ನಾನು ತಲೆಯಾಡಿಸಿದ ಶನಿವಾರ

ಕಸ್ತೂರವ್ವಾ, ನನಗೆ ಕನ್ನಡ ಬರುತ್ತಿತ್ತು. ಅಂದು ನೀವು ಮಗಳು ಭಾಗ್ಯಳನ್ನು ಕರೆದುಕೊಂಡು ಬಂದು ಆಡಿದ ಒಂದೊಂದು ಮಾತೂ ನನಗೆ ತಿಳಿದಿತ್ತು — ತಿಳಿಯದವಳಂತೆ ಕೂತಿದ್ದೆ.

ಹದಿನೆಂಟು ವರ್ಷವಾಯಿತು. ಮಾರ್ಕೆಟ್ ಯಾರ್ಡ್ ಹಿಂದಿನ ಆ ಮರಾಠಿ ಶಾಲೆಯಲ್ಲಿ ಕಿಟಕಿ ತೆರೆದರೆ ಸಾಕು, ಉಳ್ಳಾಗಡ್ಡಿಯ ಘಾಟು. ಒಳಗೆ ಮಕ್ಕಳ ಮಗ್ಗಿ, ಹೊರಗೆ ಹಮಾಲರ ಕೂಗು. ಎಷ್ಟು ಚೆಂದದ ದಿನಗಳವು! ಈಗ ಪಾಲಕರಿಗೆ ಮೊಬೈಲಿನಲ್ಲಿ ಒಂದು ಸಾಲು ಕಳಿಸಿದರೆ ಮುಗಿಯಿತು. ಆಗ ಹಾಗಲ್ಲ — ಮಗುವಿನ ವಹಿಯಲ್ಲಿ, ಅಂದರೆ ನೋಟ್‌ಬುಕ್ಕಿನಲ್ಲಿ, ಬರೆಯಬೇಕು, ತಿಂಗಳ ಕೊನೆಯ ಶನಿವಾರ ಅವರು ಕೆಲಸ ಬಿಟ್ಟು ಬರಬೇಕು. ಮರಾಠಿ ಬಾರದ ತಾಯಂದಿರಿಗೆ ಮಕ್ಕಳೇ ದುಭಾಷಿಗಳು. ತಮ್ಮ ಮೇಲಿನ ದೂರನ್ನು ತಾವೇ ತಿಳಿಸಿ ಹೇಳಬೇಕು, ಪಾಪದವು! ನಾವು ಬಾಯಂದಿರು — ಅಲ್ಲಿ ಶಿಕ್ಷಕಿಯನ್ನು ಬಾಯಿ ಎಂದೇ ಕರೆಯುವುದು — ಅದನ್ನು ನೋಡಿ ನಗುತ್ತಿದ್ದೆವು.

ನನ್ನ ಅಡ್ಡಹೆಸರು ಕುಲಕರ್ಣಿ. ಕನ್ನಡದವರಲ್ಲೂ ಮರಾಠಿಯವರಲ್ಲೂ ಸಲ್ಲುವ ಹೆಸರು. ಸೇರಿದ ಹೊಸದರಲ್ಲಿ, ನನ್ನ ಮರಾಠಿಗೆ ಕಾನಡಿ ವಾಸನೆ ಇದೆ ಎಂದು ಸಹೋದ್ಯೋಗಿಯೊಬ್ಬಳು ಎಲ್ಲರೆದುರು ಆಡಿ ತೋರಿಸಿದ್ದಳು. ಮೈಯೆಲ್ಲ ಉರಿದುಹೋಗಿತ್ತು. ಅಂದಿನಿಂದ ನಾಲಿಗೆ ತಿದ್ದಿದೆ, ಡಬ್ಬಿಯಲ್ಲಿ ಖಡಕ್ ರೊಟ್ಟಿ ಒಯ್ಯುವುದನ್ನೂ ಬಿಟ್ಟೆ... ಇದು ಕಾರಣ ಅಲ್ಲ. ಕಾರಣವೆಂದು ಹೇಳಲು ನಾಚಿಕೆಯಾಗುತ್ತದೆ.

ಭಾಗ್ಯ ಎತ್ತರದ ಹುಡುಗಿ, ಹಾಗಾಗಿ ಕೊನೆಯ ಬೆಂಚು. ಕರಿಹಲಗೆಯ ಮೂಲೆಯಲ್ಲಿ ದಿನವೂ ಒಂದು ಸಣ್ಣ ರಂಗೋಲಿ ಬರೆಯುತ್ತಿದ್ದಳು, ನಾನು ಅಳಿಸದೆ ಬಿಡುತ್ತಿದ್ದೆ. ಆದರೆ ಅವಳ ವಹಿಯಲ್ಲಿ "ವರ್ಗದಲ್ಲಿ ಲಕ್ಷ್ಯವಿಲ್ಲ" ಎಂದು ಮೂರು ಸಲ ಬರೆದವಳೂ ನಾನೇ.

ಆ ಶನಿವಾರ ಉಳಿದ ಪಾಲಕರೆಲ್ಲ ಹೋದ ಮೇಲೆ ನೀವು ಬಂದಿರಿ. ಗೋದಾಮಿನಲ್ಲಿ ಉಳ್ಳಾಗಡ್ಡಿ ಆರಿಸುವ ಕೆಲಸದಿಂದ ನೇರ ಬಂದವರು, ಸೆರಗಿಗೆ ಸಿಪ್ಪೆ ಅಂಟಿತ್ತು. ನನ್ನ ಮುಖವನ್ನೇ ನೋಡಿ ಕೇಳಿದಿರಿ: "ಬಾಯಾರ, ನಿಮಗ ಕನ್ನಡ ಬರ್ತದೇನ್ರಿ?"

ಪಕ್ಕದ ಮೇಜಿನಲ್ಲಿ ಅದೇ ಸಹೋದ್ಯೋಗಿ ಕೂತಿದ್ದಳು. "ನಾಹೀ," ಅಂದುಬಿಟ್ಟೆ.

ನೀವು ಮಗಳ ಕಡೆ ತಿರುಗಿದಿರಿ. "ಹೇಳವಾ, ‘ನನಗ ಎಡಗಿವಿ ಕೇಳಂಗಿಲ್ಲ, ಹಿಂದ ಕುಂತ್ರ ಏನೂ ತಿಳಿಯಂಗಿಲ್ಲ’ ಅಂತ ಹೇಳು. ಸಾಲಿ ಬಿಡಿಸಿ ಊರಾಗ ಅತ್ತಿ ಮನಿಗೆ ಕಳಿಸಿಬಿಡ್ಲೇನು, ಕೇಳು."

ಭಾಗ್ಯ ಕಿವಿಯ ಮೇಲೆ ಕೂದಲು ಎಳೆದುಕೊಂಡಳು. ಒಂಬತ್ತು ವರ್ಷದ ಕೂಸು, ಕಿವಿಯ ವಿಷಯ ಹೇಳಲು ಅವಳಿಗೆ ಅವಮಾನ. ಮರಾಠಿಯಲ್ಲಿ ನನಗೆ ಹೇಳಿದ್ದು ಇಷ್ಟೇ — ಇನ್ನು ಮನೆಯಲ್ಲಿ ಅಭ್ಯಾಸ ಮಾಡಿಸುತ್ತೇನೆ ಅನ್ನುತ್ತಾಳೆ ನಮ್ಮವ್ವ, ನಡೆಯುತ್ತದೆಯೇ ಬಾಯಿ?

ನಾನು ತಲೆಯಾಡಿಸಿದೆ. ಮರಾಠಿ ಮಾತ್ರ ಬಲ್ಲವಳು ಹೇಗೆ ಆಡಿಸುತ್ತಾಳೋ ಹಾಗೆ. ಸಾಲಿ ಬಿಡಿಸಲೇ ಎಂಬ ನಿಮ್ಮ ಪ್ರಶ್ನೆಗೆ ಅದೇ ಹೌದೆಂಬ ಉತ್ತರವೆಂದು ನೀವು ತಿಳಿದಿರಿ. ನಿಮ್ಮ ಮುಖ ಇಳಿದುಹೋದದ್ದನ್ನು ಕಂಡೆ. "ನಿಲ್ರಿ" ಎನ್ನುವ ಬದಲು ಮೇಜಿನ ಮೇಲಿನ ವಹಿಗಳನ್ನು ಜೋಡಿಸತೊಡಗಿದೆ. ಸೋಮವಾರ ಅವಳನ್ನು ಮೊದಲ ಬೆಂಚಿಗೆ ಕರೆದರಾಯಿತು ಅಂದುಕೊಂಡೆ.

ಸೋಮವಾರ ಭಾಗ್ಯ ಬರಲಿಲ್ಲ. ಹಲಗೆಯ ಮೂಲೆಯಲ್ಲಿ ಶನಿವಾರದ ರಂಗೋಲಿ ಹಾಗೇ ಇತ್ತು. ಊರಿಗೆ ಕಳಿಸಿದರಂತೆ ಎಂದು ಅವಳ ಗೆಳತಿ ಹೇಳಿದಳು. ನಿಮ್ಮ ಗೋದಾಮು ಶಾಲೆಗೆ ಕೂಗಳತೆಯಲ್ಲಿತ್ತು. ನಾನು ಬರಬಹುದಿತ್ತು, ಬರಲಿಲ್ಲ.

ಈಗ ಪಾಲಕರ ಪ್ರತಿ ಸಭೆಯಲ್ಲೂ ಮೊದಲು ಎದ್ದು ನಿಂತು ಕೇಳುತ್ತೇನೆ — "ಕನ್ನಡದವ್ರು ಯಾರರೆ ಅದೀರೇನ್ರಿ?" ಕೈಗಳು ಏಳುತ್ತವೆ. ಅದರಿಂದ ಭಾಗ್ಯಳ ಸಾಲಿ ಮರಳಿ ಬರುವುದಿಲ್ಲ, ಗೊತ್ತು.

ಅಂದು ಬಾಗಿಲು ದಾಟುವಾಗ ನೀವು ಮಗಳಿಗೆ ಹೇಳಿದ್ದೂ ನನಗೆ ಕೇಳಿಸಿತ್ತು, ಕಸ್ತೂರವ್ವಾ: "ಬಾಯಾರು ಭಾಳ ಚಲೋ ಅದಾರ. ಪಾಪ, ನಮ್ಮ ಮಾತ ತಿಳಿಯಂಗಿಲ್ಲ ಅಷ್ಟ."